ಹದಿನಾರು ನಾಕೌಟ್‌ಗಳ ಲೆಕ್ಕಕ್ಕೆ ಸೇರದ ಮೂರು ಸೋಲು

ಮಿಶ್ರ ಸಮರ ಕಲೆಯ (ಎಂಎಂಎ) ಸಂಸ್ಥೆ ಯುಎಫ್‌ಸಿಯ ಪಂದ್ಯಗಳನ್ನು ಏಳು ವರ್ಷ ಪ್ರಸಾರ ಮಾಡಲು ಪ್ಯಾರಾಮೌಂಟ್ ಕಂಪನಿ 770 ಕೋಟಿ ಡಾಲರ್ ಕೊಡಲು ಒಪ್ಪಿದ ದಿನದಿಂದ ಒಂದೇ ರಾಗ ಕೇಳಿಬರುತ್ತಿದೆ. ಮಿಶ್ರ ಸಮರ ಕಲೆ ಈಗ ಗೌರವದ ವೃತ್ತಿಯಾಯಿತು, ಮಧ್ಯಮ ವರ್ಗದ ಮನೆಗಳೂ ಮಕ್ಕಳನ್ನು ಧೈರ್ಯವಾಗಿ ಕೇಜ್‌ಗೆ ಕಳಿಸಬಹುದು ಎಂದು ಅಂಕಣಕಾರರು ಬರೆಯುತ್ತಿದ್ದಾರೆ. 2026ರ ಆರಂಭದಲ್ಲಿ ಪಂದ್ಯದ ರಾತ್ರಿಯ ಬೋನಸ್ 50 ಸಾವಿರದಿಂದ ಒಂದು ಲಕ್ಷ ಡಾಲರ್‌ಗೆ ಏರಿದ್ದು ಅವರ ಉತ್ಸಾಹಕ್ಕೆ ಇನ್ನಷ್ಟು ಇಂಬು ಕೊಟ್ಟಿದೆ. ಉದಾಹರಣೆಗೆ ಎಲ್ಲರೂ ಎಳೆದು ತರುವುದು ಹ್ಯೂಸ್ಟನ್‌ನ ಡೆರಿಕ್ ಲೂಯಿಸ್ ಅವರನ್ನು: ಜೈಲಿನಿಂದ ಹೊರಬಂದು, ಕೆಟ್ಟ ಕಾರುಗಳನ್ನು ಎಳೆಯುವ ಟೋ ಟ್ರಕ್ ಓಡಿಸಿ, 2025ರ ಜುಲೈ ಹೊತ್ತಿಗೆ ಯುಎಫ್‌ಸಿ ಇತಿಹಾಸದಲ್ಲೇ ಅತಿ ಹೆಚ್ಚು, ಅಂದರೆ 16 ನಾಕೌಟ್‌ಗಳ ದಾಖಲೆ ಬರೆದವರು.

ಲೂಯಿಸ್ ಅವರ ಸಾಧನೆ ದೊಡ್ಡದು. ಆದರೆ ಇದು ವೃತ್ತಿಯಾಗಿದೆ ಎನ್ನಲು ಅದು ಪುರಾವೆಯಲ್ಲ. ಇದಿನ್ನೂ ವೃತ್ತಿಯಾಗಿಲ್ಲ ಎಂಬುದಕ್ಕೇ ಅವರ ಬದುಕು ಪುರಾವೆ. ಅದನ್ನು ಕಾಣಬೇಕಾದರೆ 16ನ್ನು ಬಿಟ್ಟು ಇನ್ನೊಂದು ಸಂಖ್ಯೆಯನ್ನು ನೋಡಬೇಕು.

ಆ ಸಂಖ್ಯೆ ಮೂರು. 2021ರ ಆಗಸ್ಟ್ 7ರಂದು ಹ್ಯೂಸ್ಟನ್‌ನ ಟೊಯೋಟಾ ಸೆಂಟರ್‌ನಲ್ಲಿ, ತಮ್ಮೂರಿನ ಜನರ ಎದುರು, ಮಧ್ಯಂತರ ಹೆವಿವೇಟ್ ಪಟ್ಟಕ್ಕಾಗಿ ಲೂಯಿಸ್ ಸಿರಿಲ್ ಗಾನ್ ಜೊತೆ ಕಾದಿದರು. ಮೂರನೇ ಸುತ್ತಿನಲ್ಲಿ ಹೊಡೆತ ತಾಳಲಾರದ ಸ್ಥಿತಿ ಬಂದಾಗ ರೆಫರಿ ಪಂದ್ಯ ನಿಲ್ಲಿಸಿದರು. 2022ರ ಫೆಬ್ರುವರಿ 12ರಂದು ಅದೇ ಟೊಯೋಟಾ ಸೆಂಟರ್‌ನಲ್ಲಿ ತಾಯ್ ತುಯ್‌ವಾಸಾ ಅವರ ಮೊಣಕೈ ಪೆಟ್ಟಿಗೆ ಎಚ್ಚರ ತಪ್ಪಿ ಮುಖ ಅಡಿಯಾಗಿ ಬಿದ್ದರು. ಅದೇ ವರ್ಷದ ಜುಲೈ 30ರಂದು ಡಲ್ಲಾಸ್‌ನ ಅಮೆರಿಕನ್ ಏರ್‌ಲೈನ್ಸ್ ಸೆಂಟರ್‌ನಲ್ಲಿ ಸೆರ್ಗೈ ಪಾವ್ಲೊವಿಚ್ ಎದುರು 55 ಸೆಕೆಂಡ್‌ಗಳಲ್ಲಿ ಪಂದ್ಯ ಮುಗಿಯಿತು. ಒಂದು ವರ್ಷ ತುಂಬುವ ಮೊದಲೇ, ತಮ್ಮದೇ ಟೆಕ್ಸಾಸ್ ರಾಜ್ಯದಲ್ಲಿ, ಒಂದೇ ಇಲಾಖೆ ಪರವಾನಗಿ ಕೊಟ್ಟ ಮೂರು ಪಂದ್ಯಗಳಲ್ಲಿ ಒಬ್ಬ ಮನುಷ್ಯನನ್ನು ಹೊಡೆತದಿಂದ ಮೂರು ಸಲ ನಿಲ್ಲಿಸಲಾಯಿತು. ನಡುವೆ ಡಿಸೆಂಬರ್‌ನಲ್ಲಿ ಕ್ರಿಸ್ ಡಾಕಸ್ ಅವರನ್ನು ಕೆಡವಿ ದಾಖಲೆಯ 13ನೇ ನಾಕೌಟ್ ಪಡೆದದ್ದೂ ಇದೇ ಹನ್ನೆರಡು ತಿಂಗಳಲ್ಲಿ. ಸುದ್ದಿಯಾಗಿ ಉಳಿದದ್ದು ಅದೊಂದೇ.

ಡಲ್ಲಾಸ್‌ನ ಆ ರಾತ್ರಿಯನ್ನು ಇನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ. ರೆಫರಿ ನಡುವೆ ಬಂದು ಪಂದ್ಯ ನಿಲ್ಲಿಸಿದಾಗ ಪ್ರೇಕ್ಷಕರು ಬೊಬ್ಬೆ ಹಾಕಿದರು. ಬೇಗ ನಿಲ್ಲಿಸಿದ್ದು ಅನ್ಯಾಯ ಎಂದು ಆಮೇಲೆ ದಿನಗಟ್ಟಲೆ ಚರ್ಚೆ ನಡೆಯಿತು. ಐದೂವರೆ ತಿಂಗಳ ಹಿಂದೆ ಎಚ್ಚರ ತಪ್ಪಿ ಬಿದ್ದಿದ್ದ 37 ವರ್ಷದ ವ್ಯಕ್ತಿಯ ತಲೆಗೆ ಇನ್ನೂ ನಾಲ್ಕು ಪೆಟ್ಟು ಬೀಳಲು ಬಿಡಲಿಲ್ಲ ಎಂಬುದು ಜನರ ದೂರು. ಆ ದೂರಿನಲ್ಲಿ ದ್ವೇಷ ಇರಲಿಲ್ಲ, ಲೂಯಿಸ್ ಅವರನ್ನು ಪ್ರೀತಿಸುವವರೇ ಕೂಗಿದ್ದು. ಆಟಗಾರನ ತಲೆಯನ್ನು ಕಾಯುವ ಕೆಲಸವನ್ನು ಪ್ರೇಕ್ಷಕರ ಪ್ರೀತಿಗೆ ಬಿಡಲಾಗದು ಎಂಬ ಕಾರಣಕ್ಕೇ ಸರ್ಕಾರದ ಇಲಾಖೆ ಅಲ್ಲಿ ಕೂತಿರುವುದು.

ಆ ಇಲಾಖೆ ಆಸ್ಟಿನ್‌ನಲ್ಲಿದೆ: ಟೆಕ್ಸಾಸ್ ಪರವಾನಗಿ ಮತ್ತು ನಿಯಂತ್ರಣ ಇಲಾಖೆ. ಕ್ಷೌರಿಕರಿಗೆ, ಎಲೆಕ್ಟ್ರಿಷಿಯನ್‌ಗಳಿಗೆ, ಟೋ ಟ್ರಕ್ ಓಡಿಸುವವರಿಗೆ, ಕೇಜ್‌ನಲ್ಲಿ ಕಾದುವವರಿಗೆ ಲೈಸೆನ್ಸ್ ಕೊಡುವುದು ಇದೊಂದೇ ಇಲಾಖೆ. ಅದು ವೈದ್ಯರನ್ನು ಕೂರಿಸುತ್ತದೆ, ಪೆಟ್ಟು ತಿಂದವರಿಗೆ ಇಷ್ಟು ದಿನ ಕಾದುವಂತಿಲ್ಲ ಎಂದು ತಡೆ ಹಾಕುತ್ತದೆ, ಟಿಕೆಟ್ ಗಲ್ಲಾದಿಂದ ಶೇ 3ರಷ್ಟು ತೆರಿಗೆ ಪಡೆಯುತ್ತದೆ. ಆದರೆ ಅದು ನೋಡುವುದು ಒಂದೊಂದೇ ಪಂದ್ಯವನ್ನು. ತಡೆಯ ದಿನ ಮುಗಿದರೆ ಖಾತೆ ಚುಕ್ತಾ, ಮುಂದಿನ ಪಂದ್ಯಕ್ಕೆ ಹೊಸ ಪುಟ. ಮಿದುಳು ಹಾಗೆ ಲೆಕ್ಕ ಇಡುವುದಿಲ್ಲ, ಅದರಲ್ಲಿ ಹಳೆಯ ಪೆಟ್ಟಿನ ಮೇಲೆ ಹೊಸ ಪೆಟ್ಟು ಕೂಡುತ್ತ ಹೋಗುತ್ತದೆ. ಲಾಸ್ ವೇಗಸ್‌ನ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 2011ರಿಂದ ಬಾಕ್ಸರ್‌ಗಳನ್ನೂ ಎಂಎಂಎ ಆಟಗಾರರನ್ನೂ ವರ್ಷ ವರ್ಷ ಪರೀಕ್ಷಿಸುತ್ತ ಬಂದಿರುವುದು ಈ ಕೂಡಿಕೆಯನ್ನು ತಿಳಿಯಲಿಕ್ಕೇ.

ಟೆಕ್ಸಾಸ್‌ಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. 2007ರ ಅಕ್ಟೋಬರ್ 20ರಂದು ಇದೇ ಟೊಯೋಟಾ ಸೆಂಟರ್‌ನಲ್ಲಿ, ಇದೇ ಇಲಾಖೆಯ ಅನುಮತಿಯಿದ್ದ ಪಂದ್ಯದಲ್ಲಿ, ಹ್ಯೂಸ್ಟನ್‌ನ 35 ವರ್ಷದ ಸ್ಯಾಮ್ ವಾಸ್ಕೆಸ್ ಮೂರನೇ ಸುತ್ತಿನಲ್ಲಿ ಬಿದ್ದರು. ನವೆಂಬರ್ 30ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಅಮೆರಿಕದಲ್ಲಿ ಸರ್ಕಾರಿ ಅನುಮತಿಯ ಎಂಎಂಎ ಪಂದ್ಯದಿಂದ ಆದ ಮೊದಲ ಸಾವು ಅದು. ಈ ಹೆಸರು ದಾಖಲೆಗಳ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ.

ಇನ್ನು ಹಣ. ಪ್ರಸಾರದ ಹಣ ಹೆಚ್ಚಿದರೆ ಆಟಗಾರರ ಹಣವೂ ಹೆಚ್ಚುತ್ತದೆ ಎಂದು ಬರೆಯುವವರು ಆಟಗಾರರು ಯುಎಫ್‌ಸಿ ವಿರುದ್ಧ ಹೂಡಿದ ಮೊಕದ್ದಮೆಯ ಕಡತವನ್ನು ತೆರೆದಂತಿಲ್ಲ. ಎನ್‌ಬಿಎ, ಎನ್‌ಎಫ್‌ಎಲ್‌ನಂಥ ಲೀಗ್‌ಗಳಲ್ಲಿ ವರಮಾನದ ಸುಮಾರು ಅರ್ಧ ಆಟಗಾರರಿಗೆ ಹೋಗುತ್ತದೆ. ಯುಎಫ್‌ಸಿಯಲ್ಲಿ ಐದನೇ ಒಂದು ಪಾಲು, ಹಲವು ವರ್ಷ ಅದಕ್ಕಿಂತಲೂ ಕಡಿಮೆ. ಅಲ್ಲಿ ಒಕ್ಕೂಟವಿದೆ, ಇಲ್ಲಿಲ್ಲ. ಇಲ್ಲಿನ ಆಟಗಾರ ಕಾಗದದ ಮೇಲೆ ಸ್ವತಂತ್ರ ಗುತ್ತಿಗೆದಾರ. ಆದರೆ ಬೇರೆ ಸಂಸ್ಥೆಯಲ್ಲಿ ಆಡುವಂತಿಲ್ಲ, ಗಾಯಗೊಂಡು ಕೂತರೆ ಒಪ್ಪಂದದ ಅವಧಿ ಮುಂದಕ್ಕೆ ಹೋಗುತ್ತದೆ, ಸೋತರೆ ಮಾತ್ರ ಕಂಪನಿ ಕೈಬಿಡಬಹುದು.

ಡಾಲರನ್ನು ರೂಪಾಯಿಗೆ ಪರಿವರ್ತಿಸಿ ಬೆರಗಾಗುವ ನಮ್ಮ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ. ಹೊಸಬರ ಒಪ್ಪಂದದಲ್ಲಿ ಕಾದುವುದಕ್ಕೆ 12 ಸಾವಿರ ಡಾಲರ್, ಗೆದ್ದರೆ ಇನ್ನೊಂದು 12 ಸಾವಿರ ಎಂಬುದು ಈಚಿನ ವರ್ಷಗಳ ರೂಢಿ. ವರ್ಷಕ್ಕೆ ಮೂರು ಪಂದ್ಯ ಸಿಕ್ಕಿ ಎರಡು ಗೆದ್ದರೆ 60 ಸಾವಿರ. ಉಡುಪಿನ ಪ್ರಾಯೋಜಕತ್ವದ ಬಾಬ್ತು ಪಂದ್ಯಕ್ಕೆ 4 ಸಾವಿರದಂತೆ ಸೇರಿಸಿದರೆ 72 ಸಾವಿರ. ಇದರಲ್ಲಿ ಜಿಮ್‌ಗೂ ಮ್ಯಾನೇಜರ್‌ಗೂ ಸೇರಿ ಐದನೇ ಒಂದು ಭಾಗ ಕೊಟ್ಟ ಮೇಲೆ ಉಳಿಯುವುದು 58 ಸಾವಿರಕ್ಕೂ ಕಡಿಮೆ. ಸ್ವಯಂ ಉದ್ಯೋಗಿಯ ತೆರಿಗೆ, ಪಥ್ಯದ ಊಟ, ಫಿಸಿಯೊಥೆರಪಿ, ಮನೆ ಬಾಡಿಗೆ ಎಲ್ಲ ಅದರಿಂದಲೇ. ಡಲ್ಲಾಸ್ ಸುತ್ತಮುತ್ತ ಇರುವ ಕನ್ನಡಿಗರನ್ನು ಕೇಳಿದರೆ ಆ ಹಣದಲ್ಲಿ ಎಂಥ ಸಂಸಾರ ಸಾಗುತ್ತದೆ ಎಂದು ಹೇಳುತ್ತಾರೆ. ಇಷ್ಟು ಕೂಡ ಗೆಲ್ಲುವವನ ಲೆಕ್ಕ. ಎರಡು ಸೋತವನಿಗೆ ನಾಲ್ಕನೇ ಪಂದ್ಯ ಸಿಗುವ ಖಾತ್ರಿಯಿಲ್ಲ. ಮೊಣಕಾಲು ತಿರುಚಿಕೊಂಡವನ ವರ್ಷದ ಆದಾಯ ಸೊನ್ನೆ.

ಡಲ್ಲಾಸ್‌ನ ಫೋರ್ಟಿಸ್ ಎಂಎಂಎ ಜಿಮ್‌ನ ಜೆಫ್ ನೀಲ್ ಅವರನ್ನು ನೋಡಿ. 2018ರ ಫೆಬ್ರುವರಿಯಲ್ಲಿ ಆಸ್ಟಿನ್‌ನಲ್ಲಿ ನಡೆದ ಪಂದ್ಯಾವಳಿಯಲ್ಲಿ ಯುಎಫ್‌ಸಿಗೆ ಕಾಲಿಟ್ಟು ಮೊದಲ ಸುತ್ತಿನಲ್ಲೇ ಗೆದ್ದರು. ಲೂಯಿಸ್ ಕೂಡ ಗೆದ್ದ ರಾತ್ರಿ ಅದು. ಸೆಪ್ಟೆಂಬರ್‌ನಲ್ಲಿ ಡಲ್ಲಾಸ್‌ನಲ್ಲಿ ಮತ್ತೆ ಗೆದ್ದರು. ಹೀಗೆ ಸಾಲಾಗಿ ಗೆಲ್ಲುತ್ತಿದ್ದ ದಿನಗಳಲ್ಲೂ ಅವರು ಟೆಕ್ಸಾಸ್ ರೋಡ್‌ಹೌಸ್ ಹೋಟೆಲಿನಲ್ಲಿ ವೇಟರ್ ಕೆಲಸ ಬಿಟ್ಟಿರಲಿಲ್ಲ. ಟಿವಿಯಲ್ಲಿ ನೋಡಿದ ಆಟಗಾರನೇ ಮೇಜಿಗೆ ತಟ್ಟೆ ತಂದಿಡುತ್ತಿದ್ದ. 2020ರಲ್ಲಿ ರಕ್ತಕ್ಕೆ ಸೋಂಕು ತಗಲಿ ಸಾವಿನ ಬಾಗಿಲು ಮುಟ್ಟಿ ಬಂದರು, ಡಯಾಲಿಸಿಸ್ ಆಯಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಮತ್ತೆ ಕೇಜ್‌ಗೆ ಇಳಿದರು. ಅವರ ಛಲವನ್ನು ಹೊಗಳಿ ಬರೆದವರು ಬಹಳ. ಅಷ್ಟು ಬೇಗ ಇಳಿಯಬೇಕಾಗಿ ಬರುವ ಕೆಲಸ ಎಂಥದ್ದು ಎಂದು ಕೇಳಿದವರು ಕಡಿಮೆ.

2014ರ ಡಿಸೆಂಬರ್‌ನಲ್ಲಿ ಆಟಗಾರರು ಯುಎಫ್‌ಸಿ ವಿರುದ್ಧ ಹೂಡಿದ ಏಕಸ್ವಾಮ್ಯ ಮೊಕದ್ದಮೆ 2025ರ ಫೆಬ್ರುವರಿಯಲ್ಲಿ 37.5 ಕೋಟಿ ಡಾಲರ್ ರಾಜಿಯಲ್ಲಿ ಮುಗಿಯಿತು. ಅದಕ್ಕೆ ಮೊದಲು ಇದನ್ನೂ ಆಟಗಾರರ ಇನ್ನೊಂದು ಮೊಕದ್ದಮೆಯನ್ನೂ ಸೇರಿಸಿ 33.5 ಕೋಟಿಗೆ ಮುಗಿಸಲು ಹೊರಟಾಗ ನ್ಯಾಯಾಧೀಶ ರಿಚರ್ಡ್ ಬೌಲ್‌ವೇರ್ ಒಪ್ಪಿರಲಿಲ್ಲ. ಆಗ ಅರವತ್ತಕ್ಕೂ ಹೆಚ್ಚು ಮಾಜಿ ಆಟಗಾರರು ನ್ಯಾಯಾಲಯಕ್ಕೆ ಹೇಳಿಕೆ ಬರೆದುಕೊಟ್ಟರು. ಬೇಡಿದ್ದು ಹೆಚ್ಚಿನ ಪರಿಹಾರವನ್ನಲ್ಲ, ಸಿಗುವುದನ್ನು ಬೇಗ ಕೊಡಿಸಿ ಎಂದು. ಸಾಲ, ಚಿಕಿತ್ಸೆ, ಮರೆವು, ತಲೆನೋವು, ಇವೇ ಆ ಹೇಳಿಕೆಗಳ ತುಂಬ. ಹತ್ತು ವರ್ಷ ಹೋರಾಡಿದವರು ಕೊನೆಗೆ ಕಾಯುವ ಶಕ್ತಿಯಿಲ್ಲ ಎಂದು ಕೈಮುಗಿದ ಆ ಕಾಗದಗಳಿಗಿಂತ ಈ ವೃತ್ತಿಯ ಬಗ್ಗೆ ಹೆಚ್ಚು ಪ್ರಾಮಾಣಿಕವಾದ ದಾಖಲೆ ಇನ್ನೊಂದಿಲ್ಲ. ರಾಜಿ ಅನ್ವಯಿಸುವುದು 2017ರ ಜೂನ್ ತನಕ ಆಡಿದವರಿಗೆ. 2018ರಲ್ಲಿ ಬಂದ ನೀಲ್ ಅವರಂಥವರು ಆ ಅವಧಿಯಿಂದ ಹೊರಗೆ.

ಕಾನೂನು ಬರುತ್ತಿದೆಯಲ್ಲ ಎಂಬ ಮಾತಿದೆ. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾದ ಮುಹಮ್ಮದ್ ಅಲಿ ಹೆಸರಿನ ಹೊಸ ಮಸೂದೆ ಬಾಕ್ಸರ್‌ಗಳಿಗೆ ಸುತ್ತೊಂದಕ್ಕೆ ಇಷ್ಟು ಎಂಬ ಕನಿಷ್ಠ ಸಂಭಾವನೆಯನ್ನೂ ವಿಮೆಯನ್ನೂ ಗೊತ್ತುಮಾಡುತ್ತದೆ. ಅದನ್ನು ಮಂಡಿಸಿದ ಇಬ್ಬರಲ್ಲಿ ಒಬ್ಬರಾದ ಶರೀಸ್ ಡೇವಿಡ್ಸ್ ಸ್ವತಃ ಎಂಎಂಎ ಆಡಿದವರು. ಆದರೂ ಮಸೂದೆಯ ವ್ಯಾಪ್ತಿಗೆ ಎಂಎಂಎ ಬರುವುದಿಲ್ಲ. 2000ನೇ ಇಸವಿಯ ಮೂಲ ಅಲಿ ಕಾಯ್ದೆಯೂ ಎಂಎಂಎಯನ್ನು ಹೊರಗಿಟ್ಟಿತ್ತು. ಯುಎಫ್‌ಸಿಯ ಮಾತೃಸಂಸ್ಥೆಯೇ ಬೆನ್ನಿಗೆ ನಿಂತಿರುವ ಮಸೂದೆಯಿಂದ ಯುಎಫ್‌ಸಿ ಆಟಗಾರರಿಗೆ ಏನೂ ದಕ್ಕುವುದಿಲ್ಲ.

ಆದ್ದರಿಂದ ದೆಹಲಿಯಂತೆ ದೂರದಲ್ಲಿರುವ ವಾಷಿಂಗ್ಟನ್ ಕಡೆ ನೋಡುವುದನ್ನು ಬಿಟ್ಟು ಆಸ್ಟಿನ್ ಕಡೆ ನೋಡಬೇಕು. ವಯಸ್ಕರು ತಾವಾಗಿ ಸಹಿ ಹಾಕಿದ ಒಪ್ಪಂದದಲ್ಲಿ ರಾಜ್ಯ ಕೈಹಾಕಬಾರದು, ಅದು ಟೆಕ್ಸಾಸ್‌ನ ಗುಣಕ್ಕೆ ವಿರುದ್ಧ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಇತಿಹಾಸ ಅದನ್ನು ಸುಳ್ಳಾಗಿಸುತ್ತದೆ. 1895ರಲ್ಲಿ ಡಲ್ಲಾಸ್‌ನಲ್ಲಿ ಬಾಕ್ಸರ್‌ಗಳಾದ ಕಾರ್ಬೆಟ್ ಮತ್ತು ಫಿಟ್ಸಿಮನ್ಸ್ ನಡುವಿನ ಪಟ್ಟದ ಪಂದ್ಯ ಗೊತ್ತಾದಾಗ ಗವರ್ನರ್ ಚಾರ್ಲ್ಸ್ ಕಲ್ಬರ್ಸನ್ ಆ ಒಂದು ಪಂದ್ಯವನ್ನು ತಡೆಯಲೆಂದೇ ಶಾಸನಸಭೆಯ ವಿಶೇಷ ಅಧಿವೇಶನ ಕರೆದು ಹಣದ ಕಾಳಗವನ್ನೇ ಅಪರಾಧ ಮಾಡಿಸಿದರು. 1901ರಲ್ಲಿ ಗ್ಯಾಲ್ವೆಸ್ಟನ್‌ನ ಜ್ಯಾಕ್ ಜಾನ್ಸನ್, ಮುಂದೆ ವಿಶ್ವ ಹೆವಿವೇಟ್ ಚಾಂಪಿಯನ್ ಆದವರು, ಆ ಕಾನೂನಿನಡಿ ಎದುರಾಳಿಯ ಜೊತೆಗೇ ಜೈಲಿನಲ್ಲಿ ಮೂರು ವಾರ ಕಳೆದರು. ಬಾಕ್ಸಿಂಗ್ ಕಾನೂನುಬದ್ಧವಾದದ್ದು 1933ರಲ್ಲಿ. 2024ರ ನವೆಂಬರ್‌ನಲ್ಲಿ 58 ವರ್ಷದ ಮೈಕ್ ಟೈಸನ್ ಆರ್ಲಿಂಗ್ಟನ್‌ನಲ್ಲಿ ಜೇಕ್ ಪಾಲ್ ಎದುರು ಇಳಿದಾಗಲೂ ಸುತ್ತು ಎರಡೇ ನಿಮಿಷ, ಗ್ಲವ್ಸ್ 14 ಔನ್ಸ್ ಎಂಬ ವಿಶೇಷ ಷರತ್ತುಗಳಿಗೆ ಇದೇ ಇಲಾಖೆ ಮುದ್ರೆ ಒತ್ತಿತು. ಕೈಹಾಕುವ ಅಧಿಕಾರ ಟೆಕ್ಸಾಸ್‌ಗೆ ಯಾವಾಗಲೂ ಇತ್ತು. ಪಂದ್ಯವನ್ನು ತಡೆಯಲೋ ನಡೆಸಿಕೊಡಲೋ ಅದನ್ನು ಬಳಸಿದ್ದಾರೆ, ಪಂದ್ಯ ಮುಗಿದ ಮೇಲೆ ಮನೆಗೆ ಹೋಗುವ ಮನುಷ್ಯನಿಗಾಗಿ ಬಳಸಿಲ್ಲ.

ಬಳಸಬಹುದು ಎಂಬುದನ್ನು ಕ್ಯಾಲಿಫೋರ್ನಿಯಾ ತೋರಿಸಿದೆ. ಅಲ್ಲಿ ಬಾಕ್ಸರ್‌ಗಳ ಪಿಂಚಣಿ ನಿಧಿ 1980ರ ದಶಕದಿಂದ ಇದೆ. 2023ರ ಅಕ್ಟೋಬರ್‌ನಲ್ಲಿ ಎಂಎಂಎ ಆಟಗಾರರಿಗೂ ಅಂಥದ್ದೊಂದು ನಿಧಿಯ ಮಸೂದೆಗೆ ಗವರ್ನರ್ ಸಹಿ ಹಾಕಿದರು. ಆ ರಾಜ್ಯದಲ್ಲಿ 39 ಸುತ್ತುಗಳ ಪಂದ್ಯ ಆಡಿದವರಿಗೆ, ಅಂದರೆ ಮೂರು ಸುತ್ತಿನ 13 ಪಂದ್ಯಗಳಿಗೆ, 50 ವರ್ಷವಾದ ಮೇಲೆ ಹಣ ಸಿಗುತ್ತದೆ. ಮುಖ್ಯ ಮೂಲ ಟಿಕೆಟ್ ಮೇಲಿನ ಒಂದು ಡಾಲರ್. ಕ್ಯಾಲಿಫೋರ್ನಿಯಾದಿಂದ ಯಾವ ಪಂದ್ಯಾವಳಿಯೂ ಇದಕ್ಕಾಗಿ ಓಡಿಹೋಗಲಿಲ್ಲ.

ಬೆಂಗಳೂರಿನಲ್ಲಿ ಕೂತು ಟೆಕ್ಸಾಸ್‌ನ ಟಿಕೆಟ್ ಬಗ್ಗೆ ಇಷ್ಟೇಕೆ ಬರೆಯಬೇಕು? ನಮ್ಮ ಹುಡುಗರೂ ಈ ಹಾದಿಯಲ್ಲಿದ್ದಾರೆ, ನಮ್ಮಲ್ಲಿ ಆಸ್ಟಿನ್‌ನಲ್ಲಿರುವಷ್ಟೂ ವ್ಯವಸ್ಥೆ ಇಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕೆ-1 ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ 23ರ ಯುವಕ ತಲೆಗೆ ಪೆಟ್ಟು ಬಿದ್ದು ಪ್ರಾಣ ಬಿಟ್ಟ. ಸ್ಥಳದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂದು ಮನೆಯವರು ದೂರಿದರು, ಪೊಲೀಸ್ ಪ್ರಕರಣವಾಯಿತು. ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಯ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲಬೇಕೆಂಬ ನಿಯಮ ಪಾಲಿಸುತ್ತ ಬಂದ ಊರಿನ ಹುಡುಗ ಅವನು. ಹೀಗಿರುವಾಗ 16 ನಾಕೌಟ್‌ಗಳ ಕಥೆಯನ್ನಷ್ಟೇ ಹೇಳಿ ಮಕ್ಕಳನ್ನು ಹುರಿದುಂಬಿಸುವುದು ಹೊಣೆಗೇಡಿತನ.

ಟೆಕ್ಸಾಸ್ ಶಾಸನಸಭೆಯ ಮುಂದಿನ ಸಾಮಾನ್ಯ ಅಧಿವೇಶನ 2027ರ ಜನವರಿಯಲ್ಲಿ ಆಸ್ಟಿನ್‌ನಲ್ಲಿ ಸೇರುತ್ತದೆ. ಅದರ ಮುಂದಿಡಬೇಕಾದ್ದು ಎರಡೇ ಕೆಲಸ. ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್ ಎಲ್ಲೇ ಪಂದ್ಯ ನಡೆದರೂ ಟಿಕೆಟ್‌ಗೆ ಒಂದು ಡಾಲರ್ ಆಟಗಾರರ ನಿಧಿಗೆ ಹೋಗಬೇಕು. ಹನ್ನೆರಡು ತಿಂಗಳಲ್ಲಿ ಎರಡು ಸಲ ಹೊಡೆತದಿಂದ ಪಂದ್ಯ ನಿಂತವರಿಗೆ ಮೂರನೆಯ ಪರವಾನಗಿ ಕೊಡುವ ಮುನ್ನ ಹೊಸ ಮಿದುಳು ತಪಾಸಣೆಯ ವರದಿಯನ್ನು ಪ್ರವರ್ತಕರ ಖರ್ಚಿನಲ್ಲಿ ತರಿಸಿಕೊಳ್ಳಬೇಕು, ಅದನ್ನು ಹಳೆಯ ವರದಿಯ ಪಕ್ಕದಲ್ಲಿಟ್ಟು ಓದಲು ಇಲಾಖೆಯಲ್ಲಿ ಒಬ್ಬ ನರರೋಗ ತಜ್ಞರನ್ನು ನೇಮಿಸಬೇಕು.