ಮೊಬೈಲಿಗೂ ಕೊನೆ ತಾರೀಖು ಬರೆಯಲಿ

ಕಾಗಲ: ಬಿಸ್ಕೀಟ್ ಪುಡಿಕೆ ಮೇಲೆ ಕೊನೆ ತಾರೀಖು ಇರುತ್ತದೆ. ಗುಳಿಗೆ ಚೀಟಿ ಮೇಲೂ ಇರುತ್ತದೆ. ಹತ್ತು ಸಾವಿರ ಕೊಟ್ಟು ತರುವ ಮೊಬೈಲಿನ ಪೆಟ್ಟಿಗೆ ಮೇಲೆ ಮಾತ್ರ, ಕಂಪನಿ ಇದಕ್ಕೆ ಎಲ್ಲಿಯವರೆಗೆ ಸುರಕ್ಷತಾ ಅಪ್‌ಡೇಟ್ ಕೊಡುತ್ತದೆ ಎಂಬುದು ಕಾಣುವುದು ಅಪರೂಪ.

ಇದು ಸಣ್ಣ ಮಾತಲ್ಲ. ಆಂಡ್ರಾಯ್ಡ್‌ನ ಬ್ಲೂಟೂತ್ ಭಾಗದಲ್ಲಿದ್ದ ಒಂದು ದೊಡ್ಡ ದೋಷವನ್ನು ಗೂಗಲ್ 2020ರ ಫೆಬ್ರುವರಿಯಲ್ಲಿ ಸರಿಪಡಿಸಿತು. ಜರ್ಮನಿಯ ಇಆರ್‌ಎನ್‌ಡಬ್ಲ್ಯೂ ಸಂಸ್ಥೆ ಪತ್ತೆ ಮಾಡಿದ ಈ ದೋಷದ ಹೆಸರು 'ಬ್ಲೂಫ್ರ್ಯಾಗ್'. ತುಂಡು ತುಂಡಾಗಿ ಬರುವ ಮಾಹಿತಿ ಜೋಡಿಸುವಾಗ ಅಳತೆಯ ಲೆಕ್ಕ ತಪ್ಪುತ್ತಿತ್ತು. ಐವತ್ತು ಕಿಲೋ ಚೀಲಕ್ಕೆ ಎಪ್ಪತ್ತು ಕಿಲೋ ಜೋಳ ಸುರಿದರೆ ಹೊರಗೆ ಚೆಲ್ಲದೆ ಇರುತ್ತದೆಯೇ? ಹಾಗೆ ಮಾಹಿತಿಯೂ ಮೆಮರಿಯಲ್ಲಿ ತನ್ನ ಜಾಗ ಮೀರಿ ಪಕ್ಕಕ್ಕೆ ನುಗ್ಗುತ್ತಿತ್ತು. ಆ ಚೆಲ್ಲಿದ್ದರಲ್ಲೇ ಕಳ್ಳ ತನ್ನ ಆದೇಶ ತೂರಿಸಬಹುದಿತ್ತು.

ಆಂಡ್ರಾಯ್ಡ್ 8 ಮತ್ತು 9ರ ಮೊಬೈಲಿನಲ್ಲಿ ಬ್ಲೂಟೂತ್ ಚಾಲೂ ಇದ್ದು, ಅದರ ಬ್ಲೂಟೂತ್ ವಿಳಾಸ ಗೊತ್ತಾದರೆ, ಹತ್ತಿರ ನಿಂತವನು ಒಳಗಿನ ಮಾಹಿತಿ ಕದಿಯಲು ಸಾಧ್ಯವಿತ್ತು. ಮಾಲೀಕ ಒಂದು ಗುಂಡಿಯನ್ನೂ ಒತ್ತಬೇಕಿರಲಿಲ್ಲ. "ಒಟಿಪಿ ಹೇಳಬೇಡಿ, ಲಿಂಕ್ ಒತ್ತಬೇಡಿ" ಎಂಬ ಎಚ್ಚರಿಕೆ ಇಂಥಲ್ಲಿ ಕೆಲಸಕ್ಕೆ ಬಾರದು. ಎಸ್‌ಟಿ ಬಸ್ಸಿನ ಗದ್ದಲದಲ್ಲಿ ಹತ್ತಿರ ನಿಂತವರು ಯಾರೆಂದು ಯಾರಿಗೆ ಗೊತ್ತು?

ಗೂಗಲ್ ಮದ್ದು ತಯಾರಿಸಿದರೆ ಮುಗಿಯಲಿಲ್ಲ. ಅದನ್ನು ಪ್ರತಿ ಮಾಡೆಲ್‌ಗೆ ಮುಟ್ಟಿಸಬೇಕಾದವರು ಮೊಬೈಲ್ ಕಂಪನಿಯವರು. ಅವರು ಹಳೆ ಮಾಡೆಲ್ ಕೈಬಿಟ್ಟರೆ ತೂತು ಹಾಗೇ ಉಳಿಯಿತು. ದುಬಾರಿ ಮಾಡೆಲ್‌ಗಳಿಗೆ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್, ಸ್ಯಾಮ್‌ಸಂಗ್ ಹೇಳಿವೆ. ಆದರೆ ಇಚಲಕರಂಜಿಯ ಮಗ್ಗದ ಕಾರ್ಮಿಕ, ಗಡಹಿಂಗ್ಲಜದ ಮೆಣಸಿನಕಾಯಿ ರೈತ ಕೊಳ್ಳುವುದು ಅಗ್ಗದ್ದು, ಇಲ್ಲವೇ ಸೆಕೆಂಡ್ ಹ್ಯಾಂಡ್. "ನಡೀತೈತಲ್ಲ, ಸಾಕ ಬಿಡ್ರಿ" ಎಂಬುದು ಮಂದಿಯ ಲೆಕ್ಕ. ಅದೇ ಮೊಬೈಲಿನಲ್ಲಿ ಬ್ಯಾಂಕಿನ ಖಾತೆಯೂ ಇರುತ್ತದೆ.

ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಕಾನೂನೇ ಬಂದಿದೆ. ಕನಿಷ್ಠ ಎಷ್ಟು ಕಾಲ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ ಎಂದು ತಯಾರಕರು ಪ್ರಕಟಿಸಲೇಬೇಕು. ಕಾಗಲದ ಗಿರಾಕಿ ಕೊಡುವುದೂ ರೊಕ್ಕವೇ ತಾನೆ? ಇಲ್ಲಿಯ ಪೆಟ್ಟಿಗೆ ಮೇಲೂ ಆ ತಾರೀಖು ದಪ್ಪಕ್ಷರದಲ್ಲಿ, ಮರಾಠಿ, ಕನ್ನಡದಲ್ಲಿ ಬರಬೇಕು. ಗ್ರಾಹಕ ಸಂಘಟನೆಗಳು, ಜನಪ್ರತಿನಿಧಿಗಳು ದನಿ ಎತ್ತಬೇಕು.

ಅಲ್ಲಿಯವರೆಗೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸೆಟ್ಟಿಂಗ್ಸ್‌ನಲ್ಲಿ ಸುರಕ್ಷತಾ ಅಪ್‌ಡೇಟ್‌ನ ತಾರೀಖು ನೋಡಿಯೇ ರೊಕ್ಕ ಎಣಿಸಲಿ. ಬೇಡದಾಗ ಬ್ಲೂಟೂತ್ ಬಂದ್ ಇಡಲಿ.