ಬೇವಿನ ಎಲೆ ಉದುರೋ ಕಾಲ ಬಂತು, ಬೆಂಕಿಪೊಟ್ಟಣ ಒಳಗಿಡ್ರಿ, ಸಲಿಕೆ ಹೊರಗೆ ತೆಗೀರಿ



ಟಿವಿಯಲ್ಲಿ ಎಲೆ ಉದುರೋ ಕಾಲ ಅಂದ್ರೆ ಅಕ್ಟೋಬರ್, ನವೆಂಬರ್ ಅಂತ ತೋರಿಸ್ತಾರೆ. ಅದು ಹಿಮ ಬೀಳೋ ದೇಶಗಳ ಲೆಕ್ಕ. ನಮ್ಮ ಸಿರುಗುಪ್ಪ, ಕುರುಗೋಡು, ಬಳ್ಳಾರಿ ಸೀಮೆಯಲ್ಲಿ ಎಲೆ ಉದುರೋದು ಮಾಘ, ಫಾಲ್ಗುಣದಲ್ಲಿ. ಶಿವರಾತ್ರಿಗೆ ಹಳದಿ ತಿರುಗಿದ ಬೇವು ಹೋಳಿ ಹುಣ್ಣಿಮೆ ಹೊತ್ತಿಗೆ ಅರ್ಧ ಬೋಳಾಗಿ, ಯುಗಾದಿಗೆ ಚಿಗುರು, ಹೂವು ಹೊತ್ತು ನಿಂತಿರ್ತೈತಿ. ಅರಳಿ, ಹೊಂಗೆ, ಬಾದಾಮಿ ಗಿಡಗಳದ್ದೂ ಹೆಚ್ಚುಕಮ್ಮಿ ಇದೇ ಹೊತ್ತು. ಬೆಳಿಗ್ಗೆ ಅಂಗಳ ಕಸ ಹೊಡೆದ್ರೆ ಮಧ್ಯಾಹ್ನಕ್ಕೆ ಮತ್ತೆ ಹಾಸಿಗೆ ಹಾಸಿದಂಗೆ ಬಿದ್ದಿರ್ತಾವು. ಸಂಜೆ ಆದ್ರೆ ಸಾಕು, ಓಣಿಗೆ ನಾಲ್ಕು ಕಡೆ ಹೊಗೆ. ಬಳ್ಳಾರಿ ಪ್ಯಾಟಿಯಲ್ಲೂ ಅಷ್ಟೇ, ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೋರು ರಸ್ತೆ ಬದಿ ಎಲೆ ಗುಡ್ಡೆ ಹೊಗೆಯಾಡೋದು ನೋಡಿರ್ತೀರಿ.

ಎಲೆ ಸುಡಬಾರದು ಅನ್ನೋದು ನನ್ನ ಅಭಿಪ್ರಾಯ. ಇದನ್ನ ಹೇಳೋರು ಬಹಳ ಮಂದಿ ಅದಾರೆ. ಆದ್ರೆ ಅವರು ಹೇಳೋ ಲೆಕ್ಕ ಒಂದಿಷ್ಟು ಹೆಚ್ಚಿಗೆ ಇರ್ತೈತಿ, ಬೈಯೋದೂ ಬೈಸಿಕೊಳ್ಳಬಾರದೋರನ್ನ ಬೈತಾರೆ. ಅದಕ್ಕೇ ಈ ಬರಹ.

ಮೊದಲು ಲೆಕ್ಕ ನೋಡೋಣ. "ಎಲೆಯಲ್ಲಿ ಯೂರಿಯಾ ಐತಿ, ಸುಟ್ಟರೆ ದುಡ್ಡು ಸುಟ್ಟಂಗೆ" ಅಂತಾರೆ. ನಮ್ಮ ಅಂಗಳದಲ್ಲಿ ಎರಡು ದೊಡ್ಡ ಬೇವಿನ ಗಿಡ ಅದಾವು. ಒಂದು ಸಲದ ಉದುರುವಿಕೆಗೆ ಖಾಲಿ ಗೊಬ್ಬರ ಚೀಲದಲ್ಲಿ ಒತ್ತಿ ತುಂಬಿದ್ರೆ ಸುಮಾರು 20 ಚೀಲ ಆಗ್ತಾವು. ಚೀಲಕ್ಕೆ 5 ಕೆಜಿ ಹಿಡೀರಿ, ಒಟ್ಟು 100 ಕೆಜಿ ಒಣ ಎಲೆ. ಉದುರೋ ಮುಂಚೆ ಗಿಡ ತನ್ನ ಎಲೆಯೊಳಗಿನ ಸಾರವನ್ನ ಅರ್ಧದಷ್ಟು ಹಿಂದಕ್ಕೆ ಎಳಕೊಂಡಿರ್ತೈತಿ, ಎಲೆ ಹಳದಿ ಆಗೋದು ಅದಕ್ಕೇ. ಹಂಗಾಗಿ ಉದುರಿದ ಎಲೆಯಲ್ಲಿ ಸಾರಜನಕ ನೂರಕ್ಕೆ ಒಂದು ಪಾಲು ಅಂತ ಇಟ್ಕೊಂಡ್ರೆ, 100 ಕೆಜಿಗೆ ಒಂದು ಕೆಜಿ ಬಂತು. ಯೂರಿಯಾ 45 ಕೆಜಿ ಚೀಲಕ್ಕೆ 266 ರೂಪಾಯಿ 50 ಪೈಸೆ, ಅದರಲ್ಲಿ ಸಾರಜನಕ ನೂರಕ್ಕೆ 46, ಅಂದ್ರೆ ಚೀಲಕ್ಕೆ 20 ಕೆಜಿ ಮೇಲೆ. ಭಾಗಾಕಾರ ಮಾಡಿದ್ರೆ ಒಂದು ಕೆಜಿ ಸಾರಜನಕಕ್ಕೆ 13 ರೂಪಾಯಿ. ಎರಡು ಗಿಡದ ಎಲೆ ಸುಟ್ಟರೆ ಯೂರಿಯಾ ಲೆಕ್ಕದಲ್ಲಿ ಹೋಗೋದು 13 ರೂಪಾಯಿ. ಒಂದು ಚಾ, ಒಂದು ಬನ್ನು. ಈ ಲೆಕ್ಕ ಹಿಡಕೊಂಡು ಭಾಷಣ ಮಾಡಿದ್ರೆ ಯಾವ ರೈತನೂ ಬೆಂಕಿ ಹಚ್ಚೋದು ಬಿಡೋದಿಲ್ಲ, ಬಿಡಬೇಕಾಗಿಯೂ ಇಲ್ಲ.

ಹೋಗೋದು ಬೇರೆ ಐತಿ. ಮಣ್ಣು ಪರೀಕ್ಷೆ ಮಾಡಿಸಿದೋರು ಚೀಟಿ ತೆಗೆದು ನೋಡ್ರಿ. ಅದರಲ್ಲಿ "ಸಾವಯವ ಇಂಗಾಲ" ಅಂತ ಒಂದು ಸಾಲು ಇರ್ತೈತಿ. 0.5ಕ್ಕಿಂತ ಕಮ್ಮಿ ಇದ್ರೆ ಕೊರತೆ, 0.75ಕ್ಕಿಂತ ಮೇಲೆ ಇದ್ರೆ ಉತ್ತಮ. ವರ್ಷಕ್ಕೆ ಎಂಟು ತಿಂಗಳು ಸುಡೋ ಬಿಸಿಲಿರೋ ನಮ್ಮ ಸೀಮೆಯಲ್ಲಿ ಈ ಇಂಗಾಲ ಮಣ್ಣಲ್ಲಿ ನಿಲ್ಲೋದೇ ಕಷ್ಟ, ಹಾಕಿದ್ದು ಬೇಗ ಕರಗಿ ಹೋಗ್ತೈತಿ. ಹೋದಷ್ಟೂ ಎರೆ ಹೊಲ ಕಲ್ಲಿನಂಗೆ ಗಟ್ಟಿಯಾಗಿ ಬಿರಿತೈತಿ, ಮಸಾರಿ ಹೊಲ ಇವತ್ತು ಹಾಕಿದ ನೀರನ್ನ ನಾಳೆ ಮತ್ತೆ ಕೇಳ್ತೈತಿ. ಯೂರಿಯಾ, ಡಿಎಪಿ, ಪೊಟ್ಯಾಷ್ ಎಲ್ಲಾ ಅಂಗಡಿಯಲ್ಲಿ ಸಿಗ್ತಾವು. ಈ ಇಂಗಾಲ ಮಾತ್ರ ಆ ಬೆಲೆಗೆ ಯಾವ ಅಂಗಡಿಯಲ್ಲೂ ಸಿಗೋದಿಲ್ಲ. ಅದು ಬರೋದು ಎಲೆ, ಹುಲ್ಲು, ಹೆಂಡಿ ಕೊಳೆತು ಮಣ್ಣು ಸೇರಿದಾಗಲೇ. ಎಲೆಗೆ ಬೆಂಕಿ ಹಚ್ಚಿದ್ರೆ ಇಂಗಾಲ, ಸಾರಜನಕ, ಗಂಧಕ ಬಹುಪಾಲು ಹೊಗೆಯಲ್ಲಿ ಹೋಗಿ, ಒಂದಿಷ್ಟು ಪೊಟ್ಯಾಷ್, ಸುಣ್ಣ ಇರೋ ಬೂದಿ ಉಳಿತೈತಿ. ಅದೂ ಫಾಲ್ಗುಣದ ಗಾಳಿಗೆ ಪಕ್ಕದ ಮನೆಗೆ ಹಾರ್ತೈತಿ.

ಇಲ್ಲೂ ಹೆಚ್ಚಿಗೆ ಹೇಳೋದು ಬೇಡ. ಒಂದು ಎಕರೆ ಮೇಲ್ಮಣ್ಣು ಆರು ಇಂಚಿನಷ್ಟೇ ತಗೊಂಡ್ರೂ ಸುಮಾರು 9 ಲಕ್ಷ ಕೆಜಿ ತೂಗ್ತೈತಿ. ಅಂಗಳದ 100 ಕೆಜಿ ಎಲೆ ಅದಕ್ಕೆ ಯಾವ ಮೂಲೆಗೂ ಸಾಲೋದಿಲ್ಲ. ಆದ್ರೆ ಒಂದು ಮೆಣಸಿನಕಾಯಿ ಸಸಿ ಮಡಿಗೆ ಸಾಕು. ಹಿತ್ತಲಿನ ನಾಲ್ಕು ನಿಂಬೆ, ಎರಡು ನುಗ್ಗೆ ಬುಡಕ್ಕೆ ಸಾಕು. ಕುರುಗೋಡು ಕಡೆ ಮೆಣಸಿನಕಾಯಿ ಹಾಕೋರಿಗೆ ಗೊತ್ತು, ಸಸಿ ಮಡಿ ಚೆಂದ ಬಂದ್ರೆ ಹೊಲ ಅರ್ಧ ಗೆದ್ದಂಗೆ. ಮಡಿಗೆ ಬೇಕಾಗೋದು ಪುಡಿಪುಡಿ ಆದ, ನೀರು ಹಿಡಿಯೋ, ಬೇರು ಸಲೀಸಾಗಿ ಇಳಿಯೋ ಗೊಬ್ಬರ. ಎಲೆ ಗೊಬ್ಬರ ಅಂದ್ರೆ ಅದೇ.

ಈಗ ಬೈಗುಳದ ಮಾತು. ಎಲೆ ಸುಡೋದು ನೋಡಿ ಗಂಡಸರು ಮನೆ ಹೆಣ್ಣುಮಕ್ಕಳಿಗೆ ಅಂತಾರೆ: "ನಿಮಗೆ ತಿಳಿವಳಿಕೆ ಇಲ್ಲ, ಕಸ ಕಂಡ್ರೆ ಬೆಂಕಿ ಹಚ್ತೀರಿ." ನಾನು ಕೇಳೋದು ಇಷ್ಟೇ. ದಿನಾ ಬೆಳಿಗ್ಗೆ ಸೊಂಟ ಬಗ್ಗಿಸಿ ಗುಡಿಸಿದ ಎಲೆಯನ್ನ ಆಕೆ ಎಲ್ಲಿಗೆ ಹಾಕಬೇಕು? ಹಿಂದೆ ಮನೆ ಹಿಂದೆ ತಿಪ್ಪೆ ಇತ್ತು. ಎರಡು ಎತ್ತು, ಒಂದು ಎಮ್ಮೆ ಇದ್ದ ಮನೆಯಲ್ಲಿ ಹೆಂಡಿ, ಗಂಜಲ, ಬೂದಿ, ಎಲೆ ಎಲ್ಲಾ ಒಂದೇ ಕಡೆ ಬಿದ್ದು ತಾನೇ ಕೊಳೀತಿತ್ತು. ಟ್ರ್ಯಾಕ್ಟರ್ ಬಂತು, ಎತ್ತು ಹೋದವು. ಎತ್ತು ಹೋದ ಮೇಲೆ ತಿಪ್ಪೆ ಜಾಗದಲ್ಲಿ ಬಚ್ಚಲು, ಬೈಕು ನಿಲ್ಲಿಸೋ ತಗಡಿನ ಶೆಡ್ಡು ಬಂದ್ವು. ಆಮೇಲೆ ಕಸದಲ್ಲಿ ಪ್ಲಾಸ್ಟಿಕ್ ಕವರು, ಗುಟ್ಕಾ ಚೀಟಿ, ಶಾಂಪೂ ಪಾಕೀಟು ಸೇರಿದ್ವು, ಅದನ್ನ ಹೊಲಕ್ಕೆ ಹಾಕೋಕೂ ಬರೋದಿಲ್ಲ. ಎಲೆಗೆ ಇದ್ದ ಜಾಗ ಹೋಯ್ತು, ಅದಕ್ಕೆ ಬೆಂಕಿ ಬಂತು. ಕಸ ಗುಡಿಸೋರು ಮಾಡಬೇಕಾದ ಕೆಲಸ ಮಾಡ್ತಾ ಅದಾರೆ. ಗುಂಡಿ ತೋಡಬೇಕಾದ ಕೈ ಮಾತ್ರ ಮೊಬೈಲ್ ಹಿಡಕೊಂಡು ಕಟ್ಟೆ ಮೇಲೆ ಕುಂತೈತಿ. ನನ್ನ ಮಾತಿನ ತಿರುಳು ಇದೇ: ಎಲೆಗೆ ಒಂದು ಜಾಗ ಮಾಡಿ ಕೊಡ್ರಿ, ಬೆಂಕಿ ತಾನೇ ನಿಲ್ತೈತಿ.

ಬೆಂಕಿಯ ಅಪಾಯ ಸಣ್ಣದಲ್ಲ. ಮಾಘ, ಫಾಲ್ಗುಣ ಅಂದ್ರೆ ಊರ ತುಂಬಾ ಬಣವೆ ಇರೋ ಹೊತ್ತು. ಜೋಳದ ಸೊಪ್ಪೆ, ಭತ್ತದ ಹುಲ್ಲು, ಕಡಲೆ ಹೊಟ್ಟು ಎಲ್ಲಾ ಒಣಗಿ ಗರಿಗರಿ. ಸಂಜೆ ಹಚ್ಚಿದ ಎಲೆ ಗುಡ್ಡೆ ಮೇಲೆ ಆರಿದಂಗೆ ಕಂಡ್ರೂ ಒಳಗೆ ಕೆಂಡ ಇರ್ತೈತಿ, ರಾತ್ರಿ ಗಾಳಿ ಎದ್ರೆ ಒಂದು ಕಿಡಿ ಸಾಕು. ನಮ್ಮೂರಲ್ಲೇ ಒಬ್ಬರ ಎರಡು ಬಣವೆ ಹಿಂಗೇ ಹೋದವು. ಯುಗಾದಿಗೆ ಹದಿನೈದು ದಿನ ಇತ್ತು. ಬೇಸಿಗೆಯಿಡೀ ಮೇವು ಕೊಂಡು ಹಾಕೋಕಾಗದೆ ಎಮ್ಮೆ ಮಾರಿದ್ರು. ಹಚ್ಚಿದೋರು ಯಾರು ಅಂತ ಇವತ್ತಿಗೂ ಎರಡು ಮನೆ ಮಾತಾಡೋದಿಲ್ಲ.

ಹೊಗೆಯದ್ದೂ ಹಂಗೇ. ದಮ್ಮು ಇರೋ ಮುದುಕರು, ಎದೆಗೂಡು ಬಲಿಯದ ಕೂಸುಗಳು ಇರೋ ಓಣಿಯಲ್ಲಿ ಎಲೆ ಹೊಗೆಯೇ ಸಾಕು, ಅದರ ಜೊತೆ ಪ್ಲಾಸ್ಟಿಕ್ ಸೇರಿದ್ರೆ ವಿಷ. ಸೊಳ್ಳೆ ಓಡ್ತಾವು ಅಂತಾರೆ. ಹೊಗೆ ಇರೋತನಕ ಓಡ್ತಾವು, ಆಮೇಲೆ ಚರಂಡಿಯಿಂದ ಮತ್ತೆ ಬರ್ತಾವು. ಕಾನೂನೂ ಐತಿ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು ಹಾಕಿದ ಕೇಸಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ದೇಶದಾದ್ಯಂತ ಬಯಲಲ್ಲಿ ಕಸ ಸುಡೋದನ್ನ ನಿಷೇಧಿಸಿತು. ಸಣ್ಣದಾಗಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ದಂಡ ಅಂತ ಹೇಳಿತು. ಆದ್ರೆ ದಂಡದ ಹೆದರಿಕೆಗೆ ನಮ್ಮ ಓಣಿಯಲ್ಲಿ ಬೆಂಕಿ ನಿಲ್ತೈತಿ ಅಂತ ನಾನು ನಂಬೋದಿಲ್ಲ. ನಿಲ್ಲೋದು ಗುಂಡಿಯಿಂದ.

ಗುಂಡಿ ಅಂದ ಕೂಡಲೇ ಮೂರು ತಕರಾರು ಬರ್ತಾವು. ಮೂರೂ ನ್ಯಾಯವಾದವೇ.

ಒಂದು, "ನಮ್ಮ ಬಿಸಿಲಿಗೆ ಎಲೆ ಕೊಳೆಯೋದಿಲ್ಲ, ಒಣಗಿ ಹಪ್ಪಳ ಆಗ್ತೈತಿ." ಬಯಲಲ್ಲಿ ಗುಡ್ಡೆ ಹಾಕಿದ್ರೆ ಖರೇನೇ ಕೊಳೆಯೋದಿಲ್ಲ. ಇಂದೋರಿನಲ್ಲಿ ಆಲ್ಬರ್ಟ್ ಹೋವರ್ಡ್ ಅನ್ನೋ ಇಂಗ್ಲಿಷ್ ವಿಜ್ಞಾನಿ ನೂರು ವರ್ಷದ ಹಿಂದೆ ರೂಢಿಗೆ ತಂದ ಪದ್ಧತಿಯಲ್ಲಿ ಗೊಬ್ಬರವನ್ನ ಆಗಾಗ ತಿರುವಿ ಹಾಕಿ ನೀರು ಹೊಡೀಬೇಕು. ನೀರೂ ಬೇಕು, ಆಳೂ ಬೇಕು. ನಮಗೆ ಹೊಂದೋದು ಬೆಂಗಳೂರು ಪದ್ಧತಿ. 1939ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅನ್ನೋರು ಪಟ್ಟಣದ ಕಸ, ಮಲ ಗೊಬ್ಬರ ಮಾಡೋಕೆ ಇದನ್ನ ರೂಪಿಸಿದ್ರು. ಗುಂಡಿ ತುಂಬಿ, ಮೇಲೆ ಕೆಸರು ಮೆತ್ತಿ ಮುಚ್ಚಿಬಿಡೋದು. ತಿರುವೋ ಕೆಲಸ ಇಲ್ಲ. ಒಳಗಿನ ತೇವ ಹೊರಗೆ ಹೋಗೋದಿಲ್ಲ. ನಿಧಾನ, ಆರರಿಂದ ಎಂಟು ತಿಂಗಳು ಬೇಕು. ನಮಗೇನು ಅವಸರ? ಈ ಫಾಲ್ಗುಣದಲ್ಲಿ ಮುಚ್ಚಿದ ಗುಂಡಿ ದೀಪಾವಳಿ ಹೊತ್ತಿಗೆ ತೆಗೆದ್ರೆ, ಮುಂದಿನ ಮುಂಗಾರಿನ ಸಸಿ ಮಡಿಗೆ ಗೊಬ್ಬರ ಸಿದ್ಧ.

ಎರಡು, "ಎಲೆ ಗುಡ್ಡೆಯಲ್ಲಿ ಹಾವು, ಚೇಳು ಸೇರ್ತಾವು." ಸೇರ್ತಾವು. ಅದಕ್ಕೇ ವಾರಗಟ್ಟಲೆ ಗುಡ್ಡೆ ಬಿಡಬಾರದು. ದಿನದ ಎಲೆ ದಿನವೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಇಡ್ರಿ, ಚೀಲ ಒಟ್ಟಾದ ಮೇಲೆ ಒಂದೇ ದಿನ ಗುಂಡಿ ತುಂಬ್ರಿ. ಕೆಸರು ಮೆತ್ತಿದ ಗುಂಡಿಯಲ್ಲಿ ಹಾವಿಗೆ ಸಂದಿ ಸಿಗೋದಿಲ್ಲ. ಚೀಲ ಎತ್ತುವಾಗ ಕೋಲಿನಿಂದ ತಟ್ಟಿ ಎತ್ರಿ, ಗುಂಡಿಗೆ ಬರಿಗಾಲಲ್ಲಿ ಇಳೀಬ್ಯಾಡ್ರಿ.

ಮೂರು, "ಗೆದ್ದಲು ಬರ್ತಾವು." ಒಣ ಎಲೆಗೆ ಬರ್ತಾವು, ನೆನೆದು ಕೊಳೆಯೋ ಎಲೆಗೆ ಕಮ್ಮಿ. ಮನೆ ಗೋಡೆಯಿಂದ ಹತ್ತಡಿ ದೂರ ಗುಂಡಿ ತೋಡ್ರಿ. ಗಿಡದ ಬುಡಕ್ಕೆ ಎಲೆ ಹೊದಿಕೆ ಹಾಕೋರು ಮೂರ್ನಾಲ್ಕು ಇಂಚು ದಪ್ಪ ಹಾಕಿ, ಕಾಂಡದಿಂದ ಒಂದು ಗೇಣು ಬಿಡ್ರಿ.

ನಾನು ಮಾಡೋ ರೀತಿ ಹೇಳ್ತೀನಿ, ನಿಮ್ಮ ಜಾಗಕ್ಕೆ ತಕ್ಕಂಗೆ ಬದಲಿಸಿಕೊಳ್ರಿ. ಆರಡಿ ಉದ್ದ, ನಾಲ್ಕಡಿ ಅಗಲ, ಮೂರಡಿ ಆಳ. ಇಬ್ಬರು ಸೇರಿದ್ರೆ ಅರ್ಧ ದಿನದ ಕೆಲಸ. ಮಳೆ ನೀರು ಹರಿದು ಬರದ ಎತ್ತರದ ಕಡೆ ಇರಲಿ. ಮೊದಲು ಎಲೆಯಿಂದ ಪ್ಲಾಸ್ಟಿಕ್, ಗಾಜು, ಬಳ್ಳಾರಿ ಜಾಲಿ ಮುಳ್ಳು ಆರಿಸಿ ತೆಗೀರಿ. ಆ ಮುಳ್ಳು ಎಷ್ಟು ದಿನ ಹೂತಿಟ್ಟರೂ ಕೊಳೆಯೋದು ತಡ, ಆಮೇಲೆ ಗೊಬ್ಬರ ಹರಡುವಾಗ ಕೈಗೆ ಸಿಗ್ತಾವು. ತಳಕ್ಕೆ ಅರ್ಧ ಅಡಿ ಎಲೆ ಹಾಕಿ ತುಳೀರಿ. ಅದರ ಮೇಲೆ ಹೆಂಡಿ ಬಗ್ಗಡ ಚೆಲ್ಲಿ, ಒಂದು ಬುಟ್ಟಿ ಹಳೇ ತಿಪ್ಪೆ ಮಣ್ಣು ಉದುರಿಸ್ರಿ. ಮತ್ತೆ ಎಲೆ, ಮತ್ತೆ ಬಗ್ಗಡ. 100 ಕೆಜಿ ಒಣ ಎಲೆಗೆ ಹತ್ತು ಹನ್ನೆರಡು ಕೊಡ ನೀರು ಬೇಕೇ ಬೇಕು. ದನ ತೊಳೆದ ನೀರೂ ನಡೀತೈತಿ. ಒಂದು ಹಿಡಿ ಎಲೆ ಹಿಂಡಿದ್ರೆ ಅಂಗೈ ಒದ್ದೆ ಆಗಬೇಕು, ನೀರು ಸುರೀಬಾರದು. ನೆಲಕ್ಕಿಂತ ಒಂದೂವರೆ ಅಡಿ ಮೇಲೆ ಗುಮ್ಮಟದಂಗೆ ಒಟ್ಟಿ, ಎರೆ ಮಣ್ಣಿಗೆ ಹೊಟ್ಟು ಕಲಸಿ ಒಂದಿಂಚು ದಪ್ಪ ಮೆತ್ರಿ. ಬಿರುಕು ಬಿಟ್ಟಲ್ಲಿ ಮತ್ತೆ ಸಾರಿಸ್ರಿ. ಗುಮ್ಮಟ ಕುಗ್ಗಿ ನೆಲಮಟ್ಟಕ್ಕೆ ಇಳಿದ್ರೆ ಒಳಗೆ ಕೆಲಸ ನಡೆದೈತಿ ಅಂತ ತಿಳೀರಿ.

ದನ ಇಲ್ಲದ ಮನೆಯೋರು 100 ಕೆಜಿ ಎಲೆಗೆ ಅರ್ಧ ಕೆಜಿ ಯೂರಿಯಾ ನೀರಲ್ಲಿ ಕರಗಿಸಿ ಚಿಮುಕಿಸಿದ್ರೂ ಆಗ್ತೈತಿ. ಎಲೆ ಕೊಳೆಸೋ ಸೂಕ್ಷ್ಮ ಜೀವಿಗಳಿಗೆ ಸಾರಜನಕ ಬೇಕು, ಒಣ ಎಲೆಯಲ್ಲಿ ಅದು ಕಮ್ಮಿ, ಅಷ್ಟೇ ಕಾರಣ. ಎರೆಹುಳು ತೊಟ್ಟಿ ಇಟ್ಟೋರು ಬೇವಿನ ಎಲೆಯನ್ನ ನೇರವಾಗಿ ತೊಟ್ಟಿಗೆ ಹಾಕಬ್ಯಾಡ್ರಿ, ಮೊದಲು ಕೊಳೆಸಿ ಆಮೇಲೆ ಹಾಕ್ರಿ. ಕಾಳಿನ ಡಬ್ಬಿಗೆ ಹುಳ ಬಾರದಂಗೆ ಇಡೋಕೆ ಈ ಉದುರಿದ ಎಲೆ ಬೇಡ, ಗಿಡದಿಂದ ಹಸಿರೆಲೆ ಕಿತ್ತು ನೆರಳಲ್ಲಿ ಒಣಗಿಸಿದ್ದೇ ಬೇಕು.

ಸಿರುಗುಪ್ಪ ಕಡೆ ಕಾಲುವೆ ಕೆಳಗಿನವರಿಗೆ ಇನ್ನೊಂದು ಮಾತು. ಮಷಿನ್ ಕೊಯ್ಲು ಆದ ಮೇಲೆ ಗದ್ದೆಯಲ್ಲಿ ಹುಲ್ಲು ಸುಡೋ ರೂಢಿಯೂ ಇದೇ ತರಹದ್ದು. ಒಂದು ಟನ್ ಭತ್ತದ ಹುಲ್ಲಲ್ಲಿ ಸುಮಾರು 25 ಕೆಜಿ ಪೊಟ್ಯಾಷ್, ಐದೂವರೆ ಕೆಜಿ ಸಾರಜನಕ ಇರ್ತಾವು. ಅಲ್ಲಿ ಲೆಕ್ಕ 13 ರೂಪಾಯಿಗೆ ಮುಗಿಯೋದಿಲ್ಲ. ಅದರ ಬಗ್ಗೆ ಬೇರೆಯೇ ಬರೀಬೇಕು. ಆದ್ರೆ ಕಸ ಅಂದ್ರೆ ಬೆಂಕಿ ಅನ್ನೋದನ್ನ ಮನೆ ಮಕ್ಕಳು ಮೊದಲು ಕಲಿಯೋದು ಅಂಗಳದಲ್ಲಿ.

ಯುಗಾದಿಗೆ ಬೇವು ಬೆಲ್ಲ ಹಂಚುತೀವಿ. ಹೂವು ಕೊಟ್ಟ ಗಿಡವೇ ಹದಿನೈದು ದಿನ ಮುಂಚೆ ಎಲೆ ಕೊಟ್ಟಿರ್ತೈತಿ. ಈ ಭಾನುವಾರ ಗುದ್ದಲಿ, ಸಲಿಕೆ ತಗೊಂಡು ಹಿತ್ತಲಿಗೆ ಹೋಗ್ರಿ. ಮನೆಯಾಕೆಗೆ ಭಾಷಣ ಬೇಡ, ಗುಂಡಿ ತೋರಿಸ್ರಿ ಸಾಕು.

ಜೈ ಕಿಸಾನ್.