ದೋಷ ಲಿಪಿಯದಲ್ಲ, ಸಾಧನದ್ದು

ಹೊಸ ಸಾಧನವೊಂದು ಕೈಗೆ ಬಂದೊಡನೆ ಅದರ ವಿಷಯದಲ್ಲಿ ತೀರ್ಪು ಕೊಟ್ಟುಬಿಡುವ ಅವಸರ ನಮ್ಮವರಲ್ಲಿ ಎರಡು ತೆರನಾಗಿ ಕಾಣಿಸಿಕೊಳ್ಳುತ್ತದೆ. ಒಂದು ಪಕ್ಷದವರು ಅದನ್ನು ಕಾಮಧೇನುವೆಂದು ಕೊಂಡಾಡುತ್ತಾರೆ. ಇನ್ನೊಂದು ಪಕ್ಷದವರು ನಾಲ್ಕು ಪುಟ ಕೆಟ್ಟೊಡನೆ ಅದನ್ನು ಅಟ್ಟಕ್ಕೇರಿಸಿ, ಇದು ಕನ್ನಡಕ್ಕೆ ಒಗ್ಗುವ ವಿದ್ಯೆಯಲ್ಲವೆಂದು ಕೈತೊಳೆದುಕೊಳ್ಳುತ್ತಾರೆ. ಮನೆಯ ಕಂಪ್ಯೂಟರಿನಲ್ಲಿ ಪುಸ್ತಕ ಪತ್ರಿಕೆಗಳ ಪುಟ ಕಟ್ಟುವ ವಿದ್ಯೆ, ಎಂದರೆ ಇಂದು ಊರೂರಿನ ಅಂಗಡಿಯ ಫಲಕದಲ್ಲಿ ಡಿ.ಟಿ.ಪಿ. ಎಂಬ ಮೂರಕ್ಷರವಾಗಿ ನಿಂತಿರುವ ವಿದ್ಯೆ, ಈ ಇಬ್ಬರ ನಡುವೆ ಸಿಕ್ಕಿ ಬಹಳ ನಲುಗಿದೆ. ನಾವು ಈ ಎರಡು ಪಕ್ಷಗಳನ್ನೂ ಒಪ್ಪಲಾರೆವು. ಇಬ್ಬರೂ ಮರೆತಿರುವ ಮೂರನೆಯವನೊಬ್ಬನಿದ್ದಾನೆ. ಅವನೇ ಅರೆಬೆಂದ ಸರಕನ್ನು ಬೆಂದದ್ದೆಂದು ಹೇಳಿ ಮಾರಿದವನು. ಪ್ರಶ್ನೆಯನ್ನು ಅವನಿಗೆ ಕೇಳಬೇಕಾಗಿತ್ತು, ಕೇಳಲಿಲ್ಲ. ಬದಲಿಗೆ ನಮ್ಮ ಲಿಪಿಯನ್ನು ಕಟಕಟೆಯಲ್ಲಿ ನಿಲ್ಲಿಸಿದೆವು. ಈ ಅನ್ಯಾಯವನ್ನು ಉಪಾಧ್ಯಾಯ ಬಂಧುಗಳ ಮತ್ತು ವಿದ್ಯಾರ್ಥಿ ಮಿತ್ರರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ಸಂಗತಿಗಳನ್ನು ನೋಡೋಣ. 1985ರಲ್ಲಿ ಅಮೆರಿಕದಲ್ಲಿ ಮೂರು ವಸ್ತುಗಳು ಒಂದುಗೂಡಿದವು: ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಯಂತ್ರ, ಅಂಗುಲಕ್ಕೆ 300 ಚುಕ್ಕೆಗಳನ್ನು ಮೂಡಿಸುವ ಲೇಸರ್ ಮುದ್ರಕ, ಮತ್ತು ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶ. ಪೇಜ್‌ಮೇಕರನ್ನು ಹೊರತಂದ ಸಂಸ್ಥೆಯ ಸ್ಥಾಪಕ ಪಾಲ್ ಬ್ರೈನರ್ಡ್. ವೆನಿಸ್ ನಗರದ ಪ್ರಾಚೀನ ಮುದ್ರಕ ಆಲ್ಡಸ್ ಮನೂಷಿಯಸನ ಹೆಸರನ್ನೇ ಆತ ತನ್ನ ಸಂಸ್ಥೆಗೆ ಇಟ್ಟುಕೊಂಡಿದ್ದ. ಆದರೆ ಆ ಲೇಸರ್ ಮುದ್ರಕದ ಬೆಲೆ ಆಗ ಸುಮಾರು 7,000 ಡಾಲರ್. ಸಾಮಾನ್ಯ ಗೃಹಸ್ಥನಿಗೆ ಅದು ನಿಲುಕುವಂಥದಲ್ಲ. ಆದುದರಿಂದ ಅಲ್ಲಿಯ ಮನೆಗಳಲ್ಲಿದ್ದ ಅಗ್ಗದ ಯಂತ್ರಗಳಿಗೂ, ಎಂದರೆ ಕಮೊಡೋರ್ 64, ಅಟಾರಿ ಎಸ್‌ಟಿ, ಅಮಿಗಾ 500 ಮೊದಲಾದವಕ್ಕೂ, ಇದೇ ಬಗೆಯ ತಂತ್ರಾಂಶಗಳು ಬಂದವು. ಮನೆಯ ಮೇಜೇ ಮುದ್ರಣಾಲಯವಾಗುವುದೆಂಬ ಆಸೆಯನ್ನು ಅವು ಹುಟ್ಟಿಸಿದವು. ಶಾಲೆಗಳು, ಸಂಘಗಳು, ಸಣ್ಣ ಪತ್ರಿಕೆಗಳನ್ನು ನಡೆಸುವವರು ನಂಬಿ ಕೊಂಡರು.

ಕೊಂಡವರಿಗೆ ಆದ ಅನುಭವವೇನು? ಪರದೆಯ ಮೇಲೆ ಸಾಲು ಒಂದು ಕಡೆ ಮುರಿದರೆ ಕಾಗದದ ಮೇಲೆ ಇನ್ನೊಂದು ಕಡೆ ಮುರಿಯುವುದು. ಒಂದು ಅಂಕಣದಿಂದ ಮತ್ತೊಂದಕ್ಕೆ ಬರಹ ಹರಿಯುವಾಗ ನಡುವಿನ ಸಾಲೊಂದು ಮಾಯವಾಗುವುದು. ಜತನದಿಂದ ಉಳಿಸಿಟ್ಟ ಕಡತ ಮರುದಿನ ತೆರೆಯದೆ ಹೋಗುವುದು. ಎಲ್ಲಕ್ಕಿಂತ ಮಿಗಿಲಾಗಿ, ಕೆಲಸ ಮುಗಿಯುವ ಹೊತ್ತಿಗೆ ಯಂತ್ರವೇ ಸ್ತಬ್ಧವಾಗುವುದು. ಅಟಾರಿ ಯಂತ್ರವು ಹೀಗೆ ಕುಸಿದಾಗ ಪರದೆಯ ಮೇಲೆ ಬಾಂಬಿನ ಚಿತ್ರಗಳ ಸಾಲನ್ನು ತೋರಿಸುತ್ತಿತ್ತು. ಅಮಿಗಾ ಯಂತ್ರದ ಚೇಷ್ಟೆ ಇನ್ನೂ ದೊಡ್ಡದು. ಅದು ಕಪ್ಪು ಪಟ್ಟಿಯಲ್ಲಿ ಕೆಂಪು ಅಕ್ಷರಗಳಿಂದ 'ಗುರು ಮೆಡಿಟೇಶನ್' ಎಂದು ಬರೆದು, ಪಕ್ಕದಲ್ಲಿ ಯಾರಿಗೂ ಅರ್ಥವಾಗದ ಒಂದು ಸಂಖ್ಯೆಯನ್ನು ಕೊಡುತ್ತಿತ್ತು. ಗುರುವು ಧ್ಯಾನಸ್ಥನಾಗಿದ್ದಾನಂತೆ! ನಮ್ಮ ದೇಶದ ಗುರು ಧ್ಯಾನದಿಂದ ಎದ್ದಾಗ ಶಿಷ್ಯನ ಸಂದೇಹವನ್ನು ಪರಿಹರಿಸುತ್ತಾನೆ. ಈ ಗುರುವು ಧ್ಯಾನಕ್ಕೆ ಕುಳಿತರೆ ಶಿಷ್ಯನ ಇಡೀ ದಿನದ ದುಡಿಮೆಯನ್ನೇ ಆಹುತಿ ತೆಗೆದುಕೊಳ್ಳುತ್ತಿದ್ದ.

ಇದಕ್ಕೆ ತಯಾರಕರ ಪರವಾಗಿ ಹೇಳುವವರು ಒಂದು ಸಮಾಧಾನವನ್ನು ಕೊಡುತ್ತಾರೆ. ಯಂತ್ರದ ಶಕ್ತಿಯೇ ಅಲ್ಪವಾಗಿತ್ತು, ತಂತ್ರಾಂಶ ಏನು ಮಾಡೀತು ಎಂಬುದು ಅವರ ವಾದ. ಈ ವಾದದಲ್ಲಿ ತಿರುಳಿಲ್ಲವೆಂದು ನಾವು ಹೇಳುವುದಿಲ್ಲ. ಲೆಕ್ಕ ಹಾಕಿಯೇ ನೋಡೋಣ. ಎ-4 ಅಳತೆಯ ಒಂದು ಪುಟವನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಬಿಡಿಸಿದರೆ ಅಡ್ಡಕ್ಕೆ 2,480, ಉದ್ದಕ್ಕೆ 3,508, ಒಟ್ಟು ಸುಮಾರು 87 ಲಕ್ಷ ಚುಕ್ಕೆಗಳಾಗುತ್ತವೆ. ಎಂಟು ಚುಕ್ಕೆಗೆ ಒಂದು ಬೈಟ್ ಎಂದರೂ ಆ ಒಂದು ಪುಟಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಬೈಟ್ ಬೇಕು. 1987ರ ಅಮಿಗಾ 500ರ ಸ್ಮರಣಕೋಶದಲ್ಲಿದ್ದುದು 5,24,288 ಬೈಟ್. ಕಮೊಡೋರ್ 64ರಲ್ಲಿ ಕೇವಲ 65,536. ಪುಟವನ್ನು ಪಟ್ಟಿಪಟ್ಟಿಯಾಗಿ ಸೀಳಿ ಮುದ್ರಕಕ್ಕೆ ಕಳುಹಿಸದೆ ಗತ್ಯಂತರವಿರಲಿಲ್ಲ. ಇದು ನಿಜವಾಗಿಯೂ ಕಷ್ಟದ ಕೆಲಸ. ಅದನ್ನು ಸಾಧಿಸಿದ ಜಾಣರಿಗೆ ನಮ್ಮ ಗೌರವವುಂಟು.

ಆದರೆ ಈ ಲೆಕ್ಕ ತಯಾರಕನಿಗೂ ಮೊದಲೇ ತಿಳಿದಿತ್ತು. ಕೊಳ್ಳುವವನಿಗೆ ಮಾತ್ರ ತಿಳಿದಿರಲಿಲ್ಲ. ಇಲ್ಲಿಯೇ ನಮ್ಮ ಆಕ್ಷೇಪದ ಮೂಲವಿದೆ. ಸಾಧನದ ಒರಟುತನ ಬೇರೆ, ಸಾಧನದ ಸುಳ್ಳು ಬೇರೆ. ಸೈಕ್ಲೋಸ್ಟೈಲಿನ ಮೇಣದ ಹಾಳೆ ಒರಟು ಸಾಧನ. ಉಕ್ಕಿನ ಲೇಖನಿಯನ್ನು ಸ್ವಲ್ಪ ಬಿರುಸಾಗಿ ಒತ್ತಿದರೆ ಹಾಳೆ ಹರಿಯುತ್ತದೆ, ಶಾಯಿ ಸೋರುತ್ತದೆ, ಕೆಲವು ನೂರು ಪ್ರತಿಗಳಾದ ಮೇಲೆ ಅಕ್ಷರ ಮಸುಕಾಗುತ್ತದೆ. ಆದರೆ ಹರಿದದ್ದು ಹರಿದ ಕ್ಷಣವೇ ಕಣ್ಣಿಗೆ ಕಾಣುತ್ತದೆ. ಆ ಹಾಳೆ ತನ್ನ ಶಕ್ತಿಗೆ ಮೀರಿದ್ದನ್ನು ಮಾಡಬಲ್ಲೆನೆಂದು ಎಂದೂ ಹೇಳಲಿಲ್ಲ. ದೋಷಪೂರ್ಣ ತಂತ್ರಾಂಶವು ಹಾಗಲ್ಲ. ಅದು ಪರದೆಯ ಮೇಲೆ ಸುಂದರವಾದ ಪುಟವನ್ನು ತೋರಿಸಿ, ಎಲ್ಲವೂ ಸರಿಯಾಗಿದೆಯೆಂದು ನಂಬಿಸಿ, ಕೊನೆಯ ಗಳಿಗೆಯಲ್ಲಿ ಕೈಬಿಡುತ್ತದೆ.

ಇನ್ನೊಂದು ವಾದವುಂಟು: ಹೊಸ ವಿದ್ಯೆಯೆಲ್ಲ ಮೊದಲು ಅಂಬೆಗಾಲಿಡುವುದೇ ಸಹಜ, ಆದಿಯಲ್ಲಿ ಸಹಿಸದಿದ್ದರೆ ಮುನ್ನಡೆಯೆಲ್ಲಿ ಎಂದು. ಇದನ್ನೂ ನಾವು ಅಲ್ಲಗಳೆಯುವುದಿಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗರು ಹೊರತಂದ 'ಮಂಗಳೂರ ಸಮಾಚಾರ' ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಮೊಳೆಯ ಅಚ್ಚಿನ ಚೊಕ್ಕತನ ಅದಕ್ಕಿರಲಿಲ್ಲ. ಹಾಗೆಂದು ಅದನ್ನು ಯಾರು ಹಳಿದಾರು? ಕಲ್ಲಚ್ಚಿನಿಂದ ಬಂದದ್ದು ಕಲ್ಲಚ್ಚಾಗಿಯೇ ಓದುಗರ ಕೈಸೇರಿತು. ಅದರಲ್ಲಿ ಮೋಸವಿರಲಿಲ್ಲ. ಸಹನೆ ಎಂಬುದು ಸತ್ಯವನ್ನು ನುಡಿದವನಿಗೆ ಸಲ್ಲಬೇಕಾದ ಮರ್ಯಾದೆ. ಸರಕಿನ ಜೊತೆಗೆ ಕೊಟ್ಟ ಪತ್ರದಲ್ಲಿ, ಇದು ಇದ್ದಂತೆ ಇದೆ, ಇದರಿಂದಾಗುವ ನಷ್ಟಕ್ಕೆ ನಾವು ಹೊಣೆಯಲ್ಲ ಎಂದು ಸಣ್ಣ ಅಕ್ಷರಗಳಲ್ಲಿ ಬರೆದು, ಜಾಹೀರಾತಿನಲ್ಲಿ ದೊಡ್ಡ ಅಕ್ಷರಗಳಿಂದ ಅದಕ್ಕೆ ವಿರುದ್ಧವಾದುದನ್ನು ಸಾರುವವನಿಗೆ ಆ ಮರ್ಯಾದೆ ಸಲ್ಲದು. ಮೊಳೆ ಜೋಡಿಸುವ ಬಡ ಕೆಲಸಗಾರನೂ ಮೊದಲು ಕರಡಚ್ಚು ತೆಗೆದು, ತಪ್ಪು ತಿದ್ದಿ, ಆಮೇಲೆ ಪುಟವನ್ನು ಒಪ್ಪಿಸುತ್ತಿದ್ದ. ಇಲ್ಲಿ ಕರಡು ತಿದ್ದುವ ಕೆಲಸ ಹಣ ತೆತ್ತು ಕೊಂಡವನ ತಲೆಗೇ ಬಿತ್ತು.

ತಪ್ಪನ್ನು ಒಪ್ಪಿಕೊಂಡು ತಂತ್ರಾಂಶ ರಚಿಸುವುದು ಅಸಾಧ್ಯವೆನ್ನುವವರಿಗೆ ಒಂದೇ ಉದಾಹರಣೆ ಸಾಕು. ಅಮೆರಿಕದ ಗಣಿತಜ್ಞ, ಪ್ರಾಧ್ಯಾಪಕ ಡೊನಾಲ್ಡ್ ಕನೂತರು ತಮ್ಮ ಗ್ರಂಥದ ಕರಡಚ್ಚು ಅಂದಗೆಟ್ಟು ಬಂದುದನ್ನು ಕಂಡು, 1977ರಿಂದ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶವನ್ನು ತಾವೇ ರಚಿಸಿದರು. ಅದರಲ್ಲಿ ತಪ್ಪು ಹುಡುಕಿ ತೋರಿಸಿದವರಿಗೆ ತಮ್ಮ ಕೈಯಿಂದಲೇ ಚೆಕ್ ಬರೆದು ಬಹುಮಾನ ಕೊಟ್ಟರು. ಆ ಬಹುಮಾನ ವರ್ಷವರ್ಷವೂ ಇಮ್ಮಡಿಯಾಗಿ 327.68 ಡಾಲರ್ ಮುಟ್ಟಿತು. ತಮ್ಮ ತಪ್ಪುಗಳ ವಿವರವಾದ ಇತಿಹಾಸವನ್ನು 1989ರಲ್ಲಿ ತಾವೇ ಪ್ರಕಟಿಸಿದರು. ಅದೇ ತಂತ್ರಾಂಶ ಅಮಿಗಾ, ಅಟಾರಿಯಂಥ ಮನೆಯ ಯಂತ್ರಗಳಲ್ಲಿಯೂ ನಡೆಯಿತು. ಕೊರತೆಯಿದ್ದದ್ದು ಯಂತ್ರದ ಶಕ್ತಿಯಲ್ಲಿ ಮಾತ್ರವಲ್ಲ, ತಯಾರಕರ ಮನೋಧರ್ಮದಲ್ಲಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ನಮ್ಮ ಮನೆಯ ಸಂಗತಿಗೆ ಬರೋಣ. ಈ ವಿದ್ಯೆ 1990ರ ದಶಕದಲ್ಲಿ ಕನ್ನಡಕ್ಕೆ ಇಳಿದಾಗ ಅದರ ದೋಷಗಳಿಗೆ ಇನ್ನೊಂದು ಸೇರಿಕೊಂಡಿತು. ಅಂದಿನ ಫಾಂಟುಗಳಲ್ಲಿದ್ದದ್ದು ಒಟ್ಟು 256 ಮನೆಗಳು. ಕನ್ನಡದ 34 ವ್ಯಂಜನಗಳು, ಅವುಗಳ ಗುಣಿತ, ಒತ್ತು, ಇವೆಲ್ಲ ಅಷ್ಟರಲ್ಲಿ ಹೊಂದುವುದು ಹೇಗೆ? ಆಗ ಅಕ್ಷರಗಳನ್ನು ತಲಕಟ್ಟು, ಗುಡಿಸು, ಕೊಂಬು, ದೀರ್ಘ ಎಂದು ತುಂಡರಿಸಿ, ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಬಚ್ಚಿಟ್ಟರು. ಒಂದೊಂದು ಸಂಸ್ಥೆ ಒಂದೊಂದು ಕ್ರಮದಲ್ಲಿ ಬಚ್ಚಿಟ್ಟಿತು. ಕಣ್ಣಿಗೆ ಕನ್ನಡ, ಒಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! 'ಧರ್ಮ' ಎಂಬ ಪದವನ್ನೇ ತೆಗೆದುಕೊಳ್ಳಿ. ಉಚ್ಚಾರಣೆಯಲ್ಲಿ ರಕಾರ ಮೊದಲು, ಮಕಾರ ಆಮೇಲೆ. ಬರಹದಲ್ಲಿ ಅರ್ಕಾವೊತ್ತು ಮಕಾರದ ಬಲಕ್ಕೆ ಬರುತ್ತದೆ. ಆ ಫಾಂಟುಗಳು ಆಕಾರವನ್ನೇ ನಂಬಿ ಧ, ಮ, ಅರ್ಕಾವೊತ್ತು ಎಂದು ಕಡತದಲ್ಲಿ ಬರೆದಿಟ್ಟವು. ಪರಿಣಾಮವಾಗಿ ಅಕಾರಾದಿ ಜೋಡಿಸಹೊರಟರೆ 'ಧರ್ಮ'ವು 'ಧಮನಿ'ಯ ನೆರೆಗೆ ಹೋಗಿ ಕೂರುವ ಸ್ಥಿತಿ. ಒಬ್ಬರ ಕಡತ ಇನ್ನೊಬ್ಬರ ಯಂತ್ರದಲ್ಲಿ ಕಗ್ಗಂಟು.

ಇದನ್ನು ಹಿಡಿದು ನಾವು ವಿಚಾರಿಸಿದಾಗ ಮಾರಾಟಗಾರನೊಬ್ಬನು ಕೊಟ್ಟ ಉತ್ತರವನ್ನು ಇಲ್ಲಿ ದಾಖಲಿಸಬೇಕು: ನಿಮ್ಮ ಲಿಪಿ ಜಟಿಲ, ಸಾಧ್ಯವಾದಷ್ಟು ಒತ್ತಕ್ಷರಗಳನ್ನು ಕಡಿಮೆ ಮಾಡಿ ಬರೆಯಿರಿ! ಚಪ್ಪಲಿ ಚಿಕ್ಕದಾದರೆ ಪಾದವನ್ನು ಕೊಯ್ದುಕೊಳ್ಳಬೇಕೆಂಬ ಉಪದೇಶವಿದು. ಅದಕ್ಕಿಂತ ನೋವಿನ ಸಂಗತಿ, ನಮ್ಮವರೇ ಕೆಲವರು ಇದಕ್ಕೆ ತಲೆದೂಗಿದರು. ಗಡಿಯಾಚೆಯ ಊರುಗಳಲ್ಲಿ ಕನ್ನಡ ಶಾಲೆಯನ್ನು ಉಳಿಸಿಕೊಳ್ಳಲು ದಿನದಿನವೂ ಹೆಣಗುವ ನಮಗೆ, ನಮ್ಮ ಅಕ್ಷರಗಳೇ ಕಾಲಕ್ಕೆ ತಕ್ಕವಲ್ಲ ಎಂಬ ಮಾತು ಸಾಮಾನ್ಯವಾದುದಲ್ಲ. ಕನ್ನಡದಲ್ಲಿ ಓದಿ ಮುಂದೇನು ಎಂದು ಕೇಳುವ ನೆರೆಯವರಿಗೆ ಅದು ಹೊಸ ಆಯುಧವಾಗುತ್ತದೆ.

ಲಿಪಿ ಜಟಿಲವೆಂಬುದು ಸುಳ್ಳೆಂದು ಬಲ್ಲವರು ಆಗಲೇ ತೋರಿಸಿದ್ದರು. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸಕ್ಕೆ ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳೇ ಸಾಕಾದವು. ಏಕೆ? ಅವರು ಆಕಾರವನ್ನು ನೋಡದೆ ಧ್ವನಿಯ ಕ್ರಮವನ್ನು ನೋಡಿದರು. ವ್ಯಂಜನ, ಸ್ವರ, ಸಂಯೋಗ ಎಂದು ಒಂದನೆಯ ತರಗತಿಯ ಮಗು ಕಲಿಯುವ ಕಾಗುಣಿತದ ನಿಯಮವೇ ಅಲ್ಲಿ ಯಂತ್ರದ ನಿಯಮವಾಯಿತು. 1991ರಲ್ಲಿ ಯೂನಿಕೋಡ್ ಎಂಬ ಜಾಗತಿಕ ಸಂಕೇತಕ್ರಮದ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಅದರಲ್ಲಿ 'ಧರ್ಮ' ಎಂದರೆ ಧ, ರ, ಹಲಂತದ ಚಿಹ್ನೆ, ಮ ಎಂಬ ನಾಲ್ಕೇ ಸಂಕೇತಗಳು, ಉಚ್ಚಾರಣೆಯ ಕ್ರಮದಲ್ಲಿಯೇ. ಆದರೆ 2001ರಲ್ಲಿ ಬಂದ ಪೇಜ್‌ಮೇಕರಿನ ಕೊನೆಯ ಆವೃತ್ತಿಗೂ ಇದು ತಿಳಿಯದು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳನ್ನು ಸರಿಯಾಗಿ ಜೋಡಿಸಲು ತೊಡಗಿದ್ದು 2012ರ ಆವೃತ್ತಿಯಲ್ಲಿ. ಇಪ್ಪತ್ತೊಂದು ವರ್ಷ ಲಿಪಿ ಸಿದ್ಧವಾಗಿ ಬಾಗಿಲಲ್ಲಿ ನಿಂತಿತ್ತು; ತಡ ಮಾಡಿದ್ದು ಸಾಧನ.

ಈ ತಡದ ಬೆಲೆಯನ್ನು ತೆತ್ತವರು ನಾವು. ಆ ಕಾಲದ ಸಂಘಗಳ ವಾರ್ಷಿಕ ಸಂಚಿಕೆಗಳು, ಶಾಲೆಯ ಮಕ್ಕಳ ಮೊದಲ ಕವನಗಳು, ಹಿರಿಯರಿಂದ ಕೇಳಿ ಬರೆದಿಟ್ಟ ಹಾಡುಗಳು ಹಳೆಯ ಸಂಕೇತಗಳ ಕಡತಗಳಲ್ಲಿ ಸೆರೆಯಾಗಿವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳಿವೆ, ನಿಜ. ಆದರೆ ನಡುವೆ ಬಂದ ಇಂಗ್ಲಿಷ್ ಪದವೂ ಕನ್ನಡದ ತುಂಡುಗಳಾಗಿ ಮಾರ್ಪಟ್ಟು, ಒಂದೊಂದು ಪುಟವನ್ನೂ ಮತ್ತೆ ಕಣ್ಣಿಟ್ಟು ತಿದ್ದಬೇಕಾಗುತ್ತದೆ. ತಿದ್ದಬಲ್ಲ ಕನ್ನಡಿಗರು ಗಡಿಯಾಚೆಯ ಊರುಗಳಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ಇರುವಾಗಲೇ ಈ ಕೆಲಸವಾಗಬೇಕು.

ಆದುದರಿಂದ ನಮ್ಮ ಒತ್ತಾಯ ಮೂರು. ಮೊದಲನೆಯದಾಗಿ, ಶಾಲೆಗಾಗಲಿ ಸಂಘಕ್ಕಾಗಲಿ ತಂತ್ರಾಂಶ ತರುವ ಮುನ್ನ ಪರೀಕ್ಷಿಸಬೇಕು. ಧರ್ಮ, ಕೀರ್ತಿ, ರಾಷ್ಟ್ರ, ಸ್ತ್ರೀ, ಸ್ವಾತಂತ್ರ್ಯ ಎಂಬ ಐದು ಪದಗಳನ್ನು ಬರೆದು, ಉಳಿಸಿ, ಮುಚ್ಚಿ, ಬೇರೊಂದು ಯಂತ್ರದಲ್ಲಿ ತೆರೆದು, ಹುಡುಕಿ, ಅಕಾರಾದಿಯಲ್ಲಿ ಜೋಡಿಸಿ, ಮುದ್ರಿಸಿ ನೋಡಬೇಕು. ಇದಕ್ಕೆ ಅರ್ಧ ಗಂಟೆ ಸಾಕು. ಪರೀಕ್ಷೆಯಲ್ಲಿ ಸೋತದ್ದನ್ನು, ಉಚಿತವಾಗಿ ಕೊಟ್ಟರೂ ಬೇಡವೆನ್ನಬೇಕು. ಎರಡನೆಯದಾಗಿ, ಪುಟದ ಅಲಂಕಾರ ಯಾವುದರಲ್ಲಿಯೇ ಆಗಲಿ, ಬರಹದ ಮೂಲಪ್ರತಿಯನ್ನು ಯೂನಿಕೋಡಿನ ಸರಳ ಕಡತವಾಗಿ ಬೇರೆಯಾಗಿ ಇಟ್ಟುಕೊಳ್ಳಬೇಕು. ಅಂಗಿ ಹರಿದರೂ ದೇಹ ಉಳಿಯಲಿ. ಮೂರನೆಯದು ಉಪಾಧ್ಯಾಯರಿಗೆ ಸೇರಿದ್ದು. ತಂತ್ರಾಂಶ ಕೆಟ್ಟಾಗ ವಿದ್ಯಾರ್ಥಿಯು ತನ್ನ ದಡ್ಡತನವೆಂದು ತಲೆತಗ್ಗಿಸಬಾರದು. ತಾನು ಏನು ಮಾಡಿದೆ, ಏನಾಗಬೇಕಾಗಿತ್ತು, ಏನಾಯಿತು ಎಂಬ ಮೂರು ಸಂಗತಿಗಳನ್ನು ಕ್ರಮವಾಗಿ, ತಿಳಿಗನ್ನಡದಲ್ಲಿ ಬರೆದು ತಯಾರಕನಿಗೆ ಕಳುಹಿಸಲಿ. ಪ್ರಬಂಧದ ತರಗತಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಯಾವುದು? ಕಂಡದ್ದನ್ನು ಕಂಡಂತೆ ಬರೆಯುವ ಶಿಕ್ಷಣವೂ ಆಯಿತು, ಕನ್ನಡಿಗನು ದೂರು ಕೊಡಲು ಬಲ್ಲನೆಂದು ತಯಾರಕನಿಗೆ ತಿಳಿಸಿದಂತೆಯೂ ಆಯಿತು.

ಮೊದಲ ನೋಟಕ್ಕೆ ಮರುಳಾಗುವುದೂ ಮೊದಲ ಏಟಿಗೆ ಓಡಿಹೋಗುವುದೂ ವಿದ್ಯಾವಂತರ ಲಕ್ಷಣವಲ್ಲ. ಸಾಧನವನ್ನು ಪರೀಕ್ಷಿಸಿ, ಅದರ ತಪ್ಪನ್ನು ಹೆಸರಿಟ್ಟು ಹೇಳಿ, ತಿದ್ದುವವರೆಗೆ ಬಿಡದೆ ಕೇಳುವುದು ನಮ್ಮ ಕರ್ತವ್ಯ. ಮುಂದಿನ ಸಲ ಯಾರಾದರೂ ನಮ್ಮ ಲಿಪಿ ಜಟಿಲವೆಂದರೆ, ಆ ಐದು ಪದಗಳನ್ನು ಅವರ ಮುಂದಿಟ್ಟು, ನಿಮ್ಮ ಸಾಧನದಿಂದ ಇವನ್ನು ಬರೆಯಿಸಿ ತೋರಿಸಿ ಎಂದು ಕೇಳೋಣ.